ಬೇಗ ಮುಟ್ಟಿದರೂ ದಂಡ: ಬೆಟ್ಟಕ್ಕೆ ಬರುವ ಬೈಕ್ ಸವಾರರಿಗೊಂದು ಬಹಿರಂಗ ಪತ್ರ

ಶನಿವಾರ, ಭಾನುವಾರ ಚಂದ್ರದ್ರೋಣ ಬೆಟ್ಟಕ್ಕೆ ಬೈಕ್ ಏರಿ ಬರುವ ಎಲ್ಲರಿಗೂ ನಮಸ್ಕಾರ.

ನಿಮ್ಮ ಹೆಸರುಗಳು ನನಗೆ ಗೊತ್ತಿಲ್ಲ. ಸೈಲೆನ್ಸರ್ ಗೊತ್ತು. ಕೈಮರ ದಾಟಿ ಮೇಲೆ ಹತ್ತುವ ರಸ್ತೆಯ ಮಗ್ಗುಲಿಗೇ ನಮ್ಮ ಮನೆ. ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಕೆಳಗಿನ ತಿರುವಿನಲ್ಲಿ ಮೊದಲ ಗುಂಪಿನ ಸದ್ದು ಏಳುತ್ತದೆ. ಕೊಟ್ಟಿಗೆಯಲ್ಲಿ ಹಸು ಕಿವಿ ನಿಮಿರಿಸುತ್ತದೆ. ನಾಯಿ ಬೊಗಳುವುದನ್ನೇ ಬಿಟ್ಟಿದೆ. ಎಷ್ಟಕ್ಕೆಂದು ಬೊಗಳುತ್ತದೆ ಪಾಪ.

ಬೈಯಲು ಬರೆದ ಪತ್ರ ಎಂದುಕೊಂಡು ಇಲ್ಲಿಗೇ ಬಿಡಬೇಡಿ. ನಾನು ಬೆಳೆದದ್ದೇ ಪೆಟ್ರೋಲ್ ವಾಸನೆಯಲ್ಲಿ. ನಮ್ಮ ಕಡೆ ಬೈಕ್ ಹುಚ್ಚು ಅಂದರೆ ಮೊದಲು ನೆನಪಾಗುವುದು ನನ್ನಪ್ಪನ ಹೆಸರು. ಅಪ್ಪ ಹೋಗಿ ಎರಡು ಮಳೆಗಾಲ ಕಳೆಯಿತು. ಅವನಿದ್ದಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ. ಮೋರಿ ಕಟ್ಟೆಯ ಮೇಲೆ ಕೂತು, ಕೈ ಅಡ್ಡ ಹಾಕಿ, ಒಬ್ಬೊಬ್ಬರಿಗೂ ಖುದ್ದಾಗಿ ಹೇಳುತ್ತಿದ್ದ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೂದು ಸ್ವೆಟರ್, ತಲೆಗೆ ಮಫ್ಲರ್, "ಚೈನ್ ಲೂಸ್ ಇದೆ ಕಣಪ್ಪಾ, ಹೀಗೇ ಇಳೀಬೇಡ" ಎಂದು ತಡೆದವನು. ಅವನೇ.

ಅಪ್ಪ ಕಾಫಿ ಎಸ್ಟೇಟ್ ಒಂದರಲ್ಲಿ ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ, ಬಯಲುಸೀಮೆಯವರಿಗೆ ಇದನ್ನು ಹೇಳಲೇಬೇಕು. ಆಳುಗಳ ಹಾಜರಿ, ಚೆಕ್‌ರೋಲ್, ಗೊಬ್ಬರದ ಮೂಟೆ, ಕೊಯ್ಲಿನ ದಿನ ಯಾರ ಚೀಲ ಎಷ್ಟು ಕೆ.ಜಿ. ತೂಗಿತು ಎಂಬ ಲೆಕ್ಕ, ಇದೆಲ್ಲ ಬರೆಯುವವನು. ತೋಟ ಸಾಹುಕಾರರದ್ದು. ಅಪ್ಪನದ್ದು ಅಂತ ಇದ್ದದ್ದು ಒಂದು ಕ್ವಾರ್ಟರ್ಸ್, ಒಂದು ಸ್ಟಾಪ್‌ವಾಚ್ ಮತ್ತು ಒಂದು ಯೆಜ್ಡಿ ರೋಡ್‌ಕಿಂಗ್. ಈಗಿನ ಮನೆ ಕಟ್ಟಿದ್ದು ರಿಟೈರ್ ಆದ ಮೇಲೆ.

ಯೆಜ್ಡಿಯನ್ನು ಸೆಕೆಂಡ್ ಹ್ಯಾಂಡ್ ತಂದದ್ದು. ಹಳಬರಿಗೆ ಗೊತ್ತು, ಅದರಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಅಂತಿಲ್ಲ. ಒಂದೇ ಲಿವರ್. ಮೇಲೆತ್ತಿ ತಿರುಗಿಸಿದರೆ ಕಿಕ್ಕರ್, ಮತ್ತೆ ಕೆಳಗೆ ತಂದರೆ ಗೇರ್. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. 1961ರಲ್ಲಿ ಶುರುವಾದ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆ ಸುದ್ದಿ ಕೇಳಿದ ವಾರವೇ ಅಪ್ಪ ಮೈಸೂರಿನ ಬಸ್ಸು ಹತ್ತಿದನಂತೆ. ಪಿಸ್ಟನ್ ರಿಂಗು, ಕ್ಲಚ್ ಪ್ಲೇಟು, ಕೇಬಲ್ಲು ಅಂತ ಎರಡು ಚೀಲ ತುಂಬಿಸಿಕೊಂಡು ಬಂದನಂತೆ. ಅಮ್ಮನಿಗೆ ಸೀರೆ ತರಲು ಇಟ್ಟಿದ್ದ ದುಡ್ಡು ಅದು. ಅಮ್ಮ ಈಗಲೂ ಈ ಕಥೆಯನ್ನು ನಗುತ್ತಲೇ ಹೇಳುತ್ತಾಳೆ, ಆದರೆ ಸೀರೆಯ ಬಣ್ಣ ಮರೆತಿಲ್ಲ.

ಟೂ ಸ್ಟ್ರೋಕ್ ಗಾಡಿಯಿಂದ ಅಪ್ಪ ಕಲಿಸಿದ ಮೊದಲ ಪಾಠ ಘಾಟಿ ಇಳಿಯುವುದು. ಆ ಇಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲ್ ಜೊತೆಗೇ ಬೆರೆತು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯುತ್ತಾ ಹೋದರೆ ಪೆಟ್ರೋಲ್ ಕಡಿಮೆ, ಆಯಿಲ್ಲೂ ಕಡಿಮೆ. ಒಳಗೆ ಪಿಸ್ಟನ್ ಒಣಗಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಅಪ್ಪ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಒಂಚೂರು ಆಕ್ಸಿಲರೇಟರ್ ಕೊಡುತ್ತಿದ್ದ. ಗಾಡಿ ಕೆಮ್ಮಿದ ಹಾಗೆ ಸದ್ದು. ನಮ್ಮ ಮನೆಯಲ್ಲಿ ಅದಕ್ಕೆ "ಅಪ್ಪ ನೀರು ಕುಡಿಸ್ತಿದಾನೆ" ಅನ್ನುತ್ತಿದ್ದೆವು. ನಿಮ್ಮ ಗಾಡಿಗಳಿಗೆ ಈ ಕಷ್ಟವಿಲ್ಲ. ಗೇರಿನಲ್ಲೇ ಆರಾಮಾಗಿ ಇಳಿಯಬಹುದು. ಹಾಗಿದ್ದೂ ನ್ಯೂಟ್ರಲ್ ಮಾಡಿ ಬ್ರೇಕ್ ಮೇಲೇ ಇಳಿಯುತ್ತೀರಲ್ಲ, ಅದೊಂದು ನನಗೆ ಅರ್ಥವಾಗಿಲ್ಲ. ತಿರುವಿನ ಹೊತ್ತಿಗೆ ಡಿಸ್ಕ್ ಸುಟ್ಟ ವಾಸನೆ ನಮ್ಮ ಅಂಗಳಕ್ಕೇ ಬರುತ್ತದೆ.

ಸರಿ, ಕಾರು ರ‍್ಯಾಲಿಯ ವಿಷಯಕ್ಕೆ ಬರುತ್ತೇನೆ. ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಅಪ್ಪ ಒಂದು ದಿನವೂ ರ‍್ಯಾಲಿ ಓಡಿಸಿದವನಲ್ಲ. ಅಷ್ಟು ದುಡ್ಡು ಎಲ್ಲಿತ್ತು. ಅವನು ಮಾರ್ಷಲ್. ತೋಟದ ಮಣ್ಣು ರಸ್ತೆಗಳಲ್ಲಿ ಸ್ಪೆಷಲ್ ಸ್ಟೇಜ್, ಅಂದರೆ ದಾರಿ ಮುಚ್ಚಿ ಸೆಕೆಂಡ್ ಎಣಿಸಿ ಓಡಿಸುವ ಸುತ್ತು, ನಡೆಯುವಾಗ, ದಾರಿ ಕವಲೊಡೆಯುವ ಕಡೆ ಬಾವುಟ, ವಿಷಲ್ ಹಿಡಿದು ನಿಲ್ಲುವ ಕೆಲಸ. ಸಂಬಳ ಇಲ್ಲ. ಒಂದು ಟೀ ಶರ್ಟು, ಒಂದು ಊಟದ ಪೊಟ್ಟಣ. ಆ ಟೀ ಶರ್ಟುಗಳನ್ನು ಅಪ್ಪ ಮದುವೆ ಮನೆಗೂ ಹಾಕಿಕೊಂಡು ಹೊರಡುತ್ತಿದ್ದ. ಅಮ್ಮ ಗೇಟಿನಿಂದ ವಾಪಸ್ ಕರೆದು ಶರ್ಟ್ ಬದಲಾಯಿಸುತ್ತಿದ್ದಳು.

ನನಗೆ ಒಂಬತ್ತು ವರ್ಷ ಇದ್ದಾಗ ಮೊದಲ ಸಲ ಜೊತೆಗೆ ಕರೆದುಕೊಂಡು ಹೋದ. ಅದಕ್ಕೂ ಹಿಂದಿನ ದಿನವೇ ಕೆಲಸ ಶುರು. ದಾರಿಯುದ್ದಕ್ಕೂ ಇರುವ ಆಳುಗಳ ಲೈನ್ ಮನೆಗಳಿಗೆಲ್ಲ ಹೋದೆವು. "ನಾಳೆ ಏಳರಿಂದ ಮಧ್ಯಾಹ್ನದ ತನಕ ಈ ರಸ್ತೆಗೆ ಇಳೀಬೇಡಿ. ದನ ಕಟ್ಟಿ. ನಾಯಿ ಕಟ್ಟಿ. ಮಕ್ಕಳನ್ನ ಒಳಗೆ ಇಟ್ಕೊಳ್ಳಿ." ಪ್ರತಿ ಮನೆಯಲ್ಲೂ ಅದೇ ಮಾತು, ಅದೇ ದನಿ. ನಾಯಿಯ ಹೆಸರು ಸಮೇತ ಕೇಳಿಕೊಂಡು ಬರೆದುಕೊಳ್ಳುತ್ತಿದ್ದ. ನಾಯಿ ಹೆಸರು ಯಾಕಪ್ಪಾ ಅಂದರೆ, "ತಪ್ಪಿಸ್ಕೊಂಡು ಬಂದ್ರೆ ಏನಂತ ಕರೀಲಿ?" ಅಂದ.

ಮಾರನೆಯ ದಿನ ಮಂಜು ಏಳುವ ಮುಂಚೆ ನಮ್ಮ ಕವಲಿನಲ್ಲಿ ನಿಂತೆವು. ಮೊದಲು ಬಂದದ್ದು ಝೀರೋ ಕಾರು. ಅದು ಸ್ಪರ್ಧೆಯ ಕಾರಲ್ಲ. ದಾರಿ ಖಾಲಿ ಇದೆಯಾ, ಮಾರ್ಷಲ್‌ಗಳು ತಮ್ಮ ಜಾಗದಲ್ಲಿ ಇದ್ದಾರಾ ಎಂದು ನೋಡಿಕೊಂಡು ಹೋಗುವುದು. ಅದರ ಹಿಂದೆ ಒಂದೊಂದೇ ಕಾರು, ನಡುವೆ ನಿಮಿಷಗಳ ಅಂತರ ಬಿಟ್ಟು. ಓಡಿಸುವವನ ಪಕ್ಕದಲ್ಲಿ ಕೋ ಡ್ರೈವರ್ ಕೂತು ಪುಸ್ತಕ ಓದುತ್ತಿರುತ್ತಾನೆ. ಪ್ರತಿ ತಿರುವಿಗೂ ಒಂದು ನಂಬರು, ಮುಂದಿನ ನೇರ ದಾರಿ ಎಷ್ಟು ಮೀಟರು, ಎಲ್ಲಿ ಕಲ್ಲಿದೆ, ಎಲ್ಲಿ ತಿರುವಿನ ಒಳಬದಿಯನ್ನು ಕತ್ತರಿಸಿ ಹೋಗಬಾರದು. ಎಲ್ಲ ಮುಂಚೆಯೇ ನಿಧಾನವಾಗಿ ಓಡಿಸಿ, ನೋಡಿ ಬರೆದುಕೊಂಡದ್ದು. ನಾನು ಅದುವರೆಗೆ ಅವರು ಕಣ್ಣುಮುಚ್ಚಿ ನುಗ್ಗುತ್ತಾರೆ ಅಂದುಕೊಂಡಿದ್ದೆ. ಅಷ್ಟು ಓದಿಕೊಂಡು ಪರೀಕ್ಷೆಗೆ ಹೋಗುವವರನ್ನು ನಾನು ಶಾಲೆಯಲ್ಲೂ ನೋಡಿರಲಿಲ್ಲ.

ನಾಲ್ಕನೆಯ ಕಾರು ಹೋದ ಮೇಲೆ ಒಬ್ಬ ಅಜ್ಜಿ ಬಂದಳು. ತಲೆ ಮೇಲೆ ಸೌದೆ ಹೊರೆ. ದಾಟಲೇಬೇಕು ಎಂದು ಹಟ. ಅಪ್ಪ ಬಿಡಲಿಲ್ಲ.

"ನಮ್ಮ ದಾರೀಲಿ ನಾವು ನಿಂತ್ಕೋಬೇಕಾ ರೈಟ್ರೇ? ಇದ್ಯಾವ ನ್ಯಾಯ?"

"ನ್ಯಾಯ ಅಲ್ಲ ಕಣಮ್ಮ, ಆಟ. ಆಟ ಮುಗಿಯೋ ತನಕ ಕೂತ್ಕೋ."

ಹೊರೆ ಇಳಿಸಲು ಕೈ ಕೊಟ್ಟ. ನಮಗೆಂದು ತಂದಿದ್ದ ಫ್ಲಾಸ್ಕಿನ ಕಾಫಿ ಪೂರ್ತಿ ಅಜ್ಜಿಗೆ ಹೋಯಿತು. ಪೊಟ್ಟಣದ ಚಿತ್ರಾನ್ನದಲ್ಲೂ ಅರ್ಧ. ಅಜ್ಜಿ ಎರಡು ಗಂಟೆ ಕೂತಳು. ಕೊನೆಗೆ ಪ್ರತಿ ಕಾರಿಗೂ "ಇವ್ನು ಪರ್ವಾಗಿಲ್ಲ", "ಇವ್ನಿಗೆ ಬರಲ್ಲ" ಎಂದು ಮಾರ್ಕ್ಸ್ ಕೊಡತೊಡಗಿದಳು. ಎಲ್ಲ ಕಾರು ಹೋಗಿ, ಎಲ್ಲರ ಹಿಂದೆ ದಾರಿ ನೋಡಿಕೊಂಡು ಬರುವ ಸ್ವೀಪ್ ಕಾರೂ ದಾಟಿದ ಮೇಲೆ ಅಪ್ಪನೇ ಹೊರೆ ಎತ್ತಿ ಅವಳ ತಲೆಗಿಟ್ಟ.

ಈ ಘಟನೆ ನನಗೆ ಬರೀ ತಮಾಷೆಯಾಗಿ ನೆನಪಿತ್ತು, 2019ರ ತನಕ. ಆ ವರ್ಷ ರಾಜಸ್ಥಾನದ ಬಾರ್ಮೇರ್ ಹತ್ತಿರ ರ‍್ಯಾಲಿ ನಡೆಯುತ್ತಿದ್ದಾಗ ಸ್ಟೇಜಿನ ದಾರಿಗೆ ಒಂದು ಬೈಕ್ ಬಂತು. ಒಂದೇ ಕುಟುಂಬದ ಮೂವರು ತೀರಿಕೊಂಡರು. ಟಿವಿಯಲ್ಲಿ ಸುದ್ದಿ ಬಂದಾಗ ಅಪ್ಪ ಊಟಕ್ಕೆ ಕೂತಿದ್ದ. ತಟ್ಟೆ ಹಾಗೇ ಬಿಟ್ಟು ಎದ್ದ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಆ ಕವಲಲ್ಲಿ ಯಾರು ನಿಂತಿದ್ರು ಪುಟ್ಟಿ?" ಕಾರು ಯಾವುದು, ಓಡಿಸಿದವನು ಯಾರು ಎಂದು ಕೇಳಲಿಲ್ಲ.

ಇನ್ನು ಹಳದಿ ಬೋರ್ಡಿನ ವಿಷಯ. ಟ್ಯಾಕ್ಸಿಯ ಹಳದಿ ಬೋರ್ಡ್ ಅಲ್ಲ. ರ‍್ಯಾಲಿಯಲ್ಲಿ ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಕಾರುಗಳು ನಮ್ಮ ನಿಮ್ಮ ಹಾಗೆ ಮಾಮೂಲಿ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಎದುರು ಬಸ್ಸು, ಹಾಲಿನ ಸ್ಕೂಟರ್ರು, ಶಾಲೆ ಮಕ್ಕಳು ಎಲ್ಲ ಇರುತ್ತಾರೆ. ಅಲ್ಲಿ ಪೊಲೀಸರ ನಿಯಮವೇ ನಿಯಮ. ಇಂಥ ನಿಮಿಷಕ್ಕೆ ಇಂಥ ಕಡೆ ಮುಟ್ಟಬೇಕು ಎಂದು ಟೈಮ್ ಕಾರ್ಡಿನಲ್ಲಿ ಬರೆದಿರುತ್ತಾರೆ. ಮುಟ್ಟುವ ಜಾಗವೇ ಟೈಮ್ ಕಂಟ್ರೋಲ್. ಅದಕ್ಕೆ ಸ್ವಲ್ಪ ಮುಂಚೆ ಗಡಿಯಾರದ ಚಿತ್ರದ ಹಳದಿ ಬೋರ್ಡು, ಮುಂದೆ ಕೆಂಪು ಬೋರ್ಡು.

ಈಗ ಕೇಳಿ. ಒಂದು ನಿಮಿಷ ತಡವಾದರೆ ದಂಡ 10 ಸೆಕೆಂಡ್. ಒಂದು ನಿಮಿಷ ಬೇಗ ಹೋದರೆ? ಒಂದು ಪೂರ್ತಿ ನಿಮಿಷ. ಅಂದರೆ ಬೇಗ ಮುಟ್ಟಿದವನಿಗೆ ಆರು ಪಟ್ಟು ದಂಡ. ಅಷ್ಟು ವೇಗದ ಕಾರುಗಳು ಹಳದಿ ಬೋರ್ಡಿನ ಹಿಂದೆ ಸಾಲಾಗಿ ನಿಂತು, ತಮ್ಮ ನಿಮಿಷ ಬರುವುದನ್ನೇ ಕಾಯುತ್ತಿರುತ್ತವೆ. ಹೆಲ್ಮೆಟ್ ತೆಗೆದು, ಬಾಳೆಹಣ್ಣು ತಿನ್ನುತ್ತಾ. ಸ್ಟೇಜಿನಲ್ಲಿ ಒಂದು ಸೆಕೆಂಡಿಗೆ ಪ್ರಾಣ ಕೊಡುವವರು ರಸ್ತೆಯಲ್ಲಿ ನಿಮಿಷಗಟ್ಟಲೆ ಸುಮ್ನೆ ನಿಲ್ಲುತ್ತಾರೆ. ಅಪ್ಪನಿಗೆ ಇಡೀ ರ‍್ಯಾಲಿಯಲ್ಲಿ ಜಾಸ್ತಿ ಇಷ್ಟವಾದ ದೃಶ್ಯ ಅದು. ಕಾರು ಗಾಳಿಯಲ್ಲಿ ಹಾರಿದ್ದಲ್ಲ, ಮಣ್ಣೆಬ್ಬಿಸಿದ್ದಲ್ಲ.

2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತು ಚಿಕ್ಕಮಗಳೂರಿನ ತೋಟಗಳಲ್ಲಿ ನಡೆಯಿತಲ್ಲ, ಗೌರವ್ ಗಿಲ್ ಸ್ಕೋಡಾ ಫ್ಯಾಬಿಯಾದಲ್ಲಿ ಬಂದಾಗ, ಆಗಲೂ ಹೀಗೇ. ನಾನು ಫೋಟೋ ತೆಗೆಯಲು ತಿರುವಿಗೆ ಓಡಿದರೆ ಅಪ್ಪ ಮಂಡಿ ನೋವಿಟ್ಟುಕೊಂಡು ಹಳದಿ ಬೋರ್ಡಿನ ಹತ್ತಿರ ಸ್ಟೂಲ್ ಹಾಕಿ ಕೂತಿದ್ದ. ಬಂದ ಮೇಲೆ ನಾನು ಏನೇನೋ ವರ್ಣಿಸುತ್ತಿದ್ದೆ. ಅವನು ಕೇಳಿ ಮುಗಿಸಿ, "ಹನ್ನೊಂದು ಕಾರು ನೋಡ್ದೆ. ಒಂದೂ ಬೇಗ ಒಳಗೆ ಹೋಗ್ಲಿಲ್ಲ" ಎಂದ. ಯಾರೋ ಚಿನ್ನ ಗೆದ್ದಷ್ಟು ಖುಷಿ ಮುಖದಲ್ಲಿ.

ನಿಮ್ಮನ್ನು ಕೇಳುವುದಿಷ್ಟೇ. ಬೆಂಗಳೂರಿನಿಂದ ನಡುರಾತ್ರಿ ಹೊರಟು, ಸೂರ್ಯ ಹುಟ್ಟುವುದರೊಳಗೆ ಮುಳ್ಳಯ್ಯನಗಿರಿ ಮುಟ್ಟಬೇಕೆಂದು ಓಡಿ ಬರುತ್ತೀರಿ. 1,930 ಮೀಟರ್ ಎತ್ತರ, ರಾಜ್ಯದ ಅತಿ ಎತ್ತರದ ಶಿಖರ. ಮುಟ್ಟುವ ಆಸೆ ತಪ್ಪಲ್ಲ. ಆದರೆ ಯಾರ ಜೊತೆ ಪಂದ್ಯ? ನಿಮ್ಮ ಮುಂದೆ ಝೀರೋ ಕಾರು ಹೋಗಿಲ್ಲ. ನಮ್ಮ ನಾಯಿಯನ್ನು ಯಾರೂ ಕಟ್ಟಿಲ್ಲ, ಅದರ ಹೆಸರೂ ನಿಮಗೆ ಗೊತ್ತಿಲ್ಲ. ತಿರುವಿನ ಆಚೆ ಏನಿದೆ ಎಂದು ಪಕ್ಕದಲ್ಲಿ ಕೂತು ಓದಿ ಹೇಳುವವರಿಲ್ಲ. ಅಲ್ಲಿ ಕಾಟಿ, ಅಂದರೆ ಕಾಡುಕೋಣ, ನಿಂತಿರಬಹುದು. ಅದಕ್ಕೆ ಹಾರ್ನ್ ಹೊಡೆದರೆ ದಾರಿ ಬಿಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.

ಇನ್ನೊಂದು. ಘಾಟಿಯಲ್ಲಿ ರಸ್ತೆ ಕಿರಿದಾದ ಕಡೆ ಇಳಿಯುವವನು ನಿಲ್ಲಬೇಕು, ಹತ್ತುವವನಿಗೆ ದಾರಿ ಬಿಡಬೇಕು. ಇದು ಅಪ್ಪನ ಕಾನೂನಲ್ಲ, ಸರ್ಕಾರದ್ದೇ. ಹತ್ತುವ ಗಾಡಿ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ. ಲೈಸೆನ್ಸ್ ಇರುವ ಹತ್ತು ಜನರನ್ನು ಕೇಳಿ ನೋಡಿ, ಎಂಟು ಜನ ಉಲ್ಟಾ ಹೇಳುತ್ತಾರೆ. ನಾನು ಕೇಳಿ ನೋಡಿದ್ದೇನೆ, ನಮ್ಮ ನೆಂಟರಲ್ಲೇ.

ಒಂದು ಭಾನುವಾರ ಒಬ್ಬ ಹುಡುಗ ನಮ್ಮ ಮನೆ ಮುಂದೆಯೇ ಬಿದ್ದ. ಜಲ್ಲಿ ಮೇಲೆ ಜಾರಿದ್ದು. ಮೊಣಕೈ, ಮಂಡಿ ಪೂರ್ತಿ ಕಿತ್ತುಹೋಗಿತ್ತು. ಚಡ್ಡಿ, ಚಪ್ಪಲಿಯಲ್ಲಿ ಬಂದಿದ್ದ. ಅಪ್ಪ ಜಗಲಿಯಲ್ಲಿ ಕೂರಿಸಿ ಡೆಟಾಲ್ ಹಾಕಿ ಒಂದೊಂದೇ ಕಲ್ಲು ತೆಗೆದ. ತೆಗೆಯುತ್ತಾ ಬೈಯಲಿಲ್ಲ. ಸಿ.ಎಸ್. ಸಂತೋಷ್ ಕಥೆ ಹೇಳಿದ. ನಮ್ಮ ಬೆಂಗಳೂರಿನ ಬೈಕ್ ರೇಸರ್ ಹುಡುಗ. 2015ರಲ್ಲಿ ಮರಳುಗಾಡು ದಾಟುವ ಡಕಾರ್ ರ‍್ಯಾಲಿಗೆ ಹೋಗಿ 36ನೆಯವನಾಗಿ ಮುಗಿಸಿದ, ಭಾರತದಿಂದ ಯಾರೂ ಅದುವರೆಗೆ ಮುಗಿಸಿರಲಿಲ್ಲ. ಅಂಥವನೇ 2021ರಲ್ಲಿ ಸೌದಿಯ ಮರಳಿನಲ್ಲಿ ಬಿದ್ದು ಪ್ರಜ್ಞೆ ಇಲ್ಲದೆ ಆಸ್ಪತ್ರೆ ಸೇರಿದ, ಬದುಕಿ ಬಂದ. "ಅವ್ನ ಮೈಮೇಲೆ ಎಷ್ಟು ಸಾಮಾನಿತ್ತು, ಹೆಲಿಕಾಪ್ಟರ್ ಇತ್ತು, ಡಾಕ್ಟ್ರು ಇದ್ರು. ನಿನ್ನತ್ರ ಏನಿದೆ ಮಾರಾಯ? ಚಪ್ಪಲಿ. ಅದೂ ಒಂದು ಕಾಲಿಂದು ಮೋರೀಲಿದೆ." ಹುಡುಗ ಅಳುತ್ತಲೇ ನಕ್ಕ. ಐಶ್ವರ್ಯಾ ಪಿಸ್ಸೆ ಹೆಸರನ್ನೂ ಅಪ್ಪ ಇದೇ ರೀತಿ ಎಳೆದು ತರುತ್ತಿದ್ದ. ಅವಳೂ ಬೆಂಗಳೂರಿನವಳು, 2019ರಲ್ಲಿ ಬಾಹಾ ಎಂಬ ಮಣ್ಣು ಮರಳಿನ ಬೈಕ್ ಓಟದ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದವಳು. ಅವಳ ಉದಾಹರಣೆ ಮಾತ್ರ ಯಾವಾಗಲೂ ನನ್ನ ತಲೆಗೇ ಬರುತ್ತಿತ್ತು. ಯೆಜ್ಡಿ ಕಿಕ್ ಹೊಡೆಯಲು ನಾನು ಬೇಸರ ಮಾಡಿದಾಗೆಲ್ಲ.

ಕಾಡಿನ ವಿಷಯಕ್ಕೆ ಬಂದರೆ ಅಪ್ಪ ಬೇರೆಯೇ ಮನುಷ್ಯ. ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಇಂಬಳ, ಅಂದರೆ ಜಿಗಣೆ, ಹತ್ತದ ಹಾಗೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು ನಡೆದೇ ಹೋಗುತ್ತಿದ್ದ. ಹುಲ್ಲುಗಾವಲಿನ ಮೇಲೆ ಚಕ್ರ ಹತ್ತಿಸಿದರೆ ಅವನಿಗೆ ಕೆಂಡದಂಥ ಕೋಪ. ಕಾರಣವಿತ್ತು. ಒಣ ಕಾಲದಲ್ಲಿ ನೀವು ಬಿಟ್ಟ ಚಕ್ರದ ಗುರುತು ಸಣ್ಣದು. ಮಳೆ ಬಂದಾಗ ನೀರು ಅದೇ ಗುರುತು ಹಿಡಿದು ಹರಿಯುತ್ತದೆ. ಮೊದಲ ವರ್ಷ ಕೈಯಗಲ, ಮೂರನೆಯ ವರ್ಷಕ್ಕೆ ಮೊಣಕಾಲುದ್ದದ ಕೊರಕಲು. ಹುಲ್ಲು ಹಿಡಿದಿಟ್ಟ ಮಣ್ಣು ಹೋದರೆ ಕೆಳಗಿನ ಶೋಲಾ ಕಾಡಿನ ಹಳ್ಳದಲ್ಲಿ ಬೇಸಿಗೆಗೆ ನೀರು ಉಳಿಯುವುದಿಲ್ಲ. ಆ ಹಳ್ಳದ ನೀರೇ ನಮ್ಮ ನಲ್ಲಿಗೆ ಬರುವುದು. ಆಫ್ ರೋಡಿಂಗ್ ಜೀಪುಗಳಿಗೂ ಈ ಮಾತು ಸೇರಿತು. ಜೀಪು ಓಡಿಸುವವರಲ್ಲಿ ನಮ್ಮೂರಿನವರೇ ಜಾಸ್ತಿ, ಆದ್ದರಿಂದ ತಪ್ಪೆಲ್ಲ ಬೆಂಗಳೂರಿನವರದು ಎಂದು ನಾನು ಹೇಳುವ ಹಾಗಿಲ್ಲ.

2022ರಲ್ಲಿ ಬೆಟ್ಟದ ತುಂಬ ನೀಲಕುರಿಂಜಿ ಅರಳಿತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂ. ಅಪ್ಪನಿಗೆ ಆಗಲೇ ನಡೆಯಲು ಆಗುತ್ತಿರಲಿಲ್ಲ. ನಾನೇ ಯೆಜ್ಡಿ ಹಿಂದೆ ಕೂರಿಸಿಕೊಂಡು ಹೋದೆ. ರಸ್ತೆಯುದ್ದಕ್ಕೂ ಕಾರು, ಬೈಕು, ಹೂ ತುಳಿದು ಸೆಲ್ಫಿ. ಅಪ್ಪ ಯಾರಿಗೂ ಏನೂ ಅನ್ನಲಿಲ್ಲ. ಜನ ಕಡಿಮೆ ಇದ್ದ ಒಂದು ಕಡೆ ಗಾಡಿ ನಿಲ್ಲಿಸು ಅಂದ. ಇಳಿಯಲಿಲ್ಲ. ಸೀಟಿನ ಮೇಲೆ ಕೂತೇ ಅರ್ಧ ಗಂಟೆ ನೋಡಿದ. "ಮುಂದಿಂದು ಯಾವಾಗ?" ಅಂದ. 2034 ಅಂದೆ. ಬೆರಳಲ್ಲಿ ತನ್ನ ವಯಸ್ಸು ಎಣಿಸಿ, "ಸರಿ, ಹೊರಡು, ಇಳಿಯುವಾಗ ನೀರು ಕುಡಿಸು" ಎಂದ.

ಈ ಪತ್ರ ಅಧಿಕಾರಿಗಳ ಕಣ್ಣಿಗೂ ಬಿದ್ದರೆ ಎರಡು ಮಾತು. ಬೆಟ್ಟಕ್ಕೆ ಹೋಗುವ ವಾಹನಗಳಿಗೆ ಮಿತಿ ಹಾಕಿದ್ದೀರಿ. ಒಳ್ಳೆಯದಾಯಿತು, ಅಪ್ಪನಿದ್ದಿದ್ದರೆ ಗೇಟಿನಲ್ಲಿ ತಾನೇ ನಿಲ್ಲುತ್ತೇನೆ ಎನ್ನುತ್ತಿದ್ದ. ಆದರೆ ಬೇಡ ಅನ್ನುವ ಬೋರ್ಡಿನ ಜೊತೆಗೆ ಬಾ ಅನ್ನುವ ಜಾಗವೂ ಒಂದು ಬೇಕಲ್ವಾ? ದೊಡ್ಡ ರೇಸ್ ಟ್ರ್ಯಾಕಿಗೆ ನಮ್ಮ ಹುಡುಗರು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿಗೋ ಹೋಗಬೇಕು. ಅಂಥದ್ದನ್ನು ನಾನು ಕೇಳುತ್ತಿಲ್ಲ. ಕಾಡಲ್ಲದ, ಹುಲ್ಲುಗಾವಲಲ್ಲದ, ಊರಿನಿಂದ ದೂರದ ನಾಲ್ಕೈದು ಎಕರೆ. ಮಣ್ಣಿನ ದಾರಿ, ಸುತ್ತ ಟೈರು, ಬಾಗಿಲಲ್ಲಿ ಒಂದು ಆಂಬುಲೆನ್ಸು. ಹೆಲ್ಮೆಟ್, ಬೂಟು ಇಲ್ಲದವನಿಗೆ ಒಳಗೆ ಪ್ರವೇಶವಿಲ್ಲ. ವೇಗ ಅಲ್ಲಿ ಖಾಲಿಯಾಗಲಿ. ಇನ್ನು ರ‍್ಯಾಲಿಗೆ ಅನುಮತಿ ಕೊಡುವಾಗ ಫೈಲಿನಲ್ಲಿ ಒಂದು ಸಾಲು ಸೇರಿಸಿ: ಹಿಂದಿನ ದಿನ ದಾರಿಯ ಪ್ರತಿ ಮನೆಗೂ ಆ ಊರಿನವನೇ ಒಬ್ಬ ಹೋಗಿ ಹೇಳಿರಬೇಕು. ಮೈಕಿನಲ್ಲಿ ಕೂಗಿದರೆ ಸಾಲದು. ನಾಯಿಯ ಹೆಸರು ಮೈಕಿಗೆ ಗೊತ್ತಾಗುವುದಿಲ್ಲ.

ಮತ್ತೆ ನಿಮಗೆ. ಅಪ್ಪ ಹೋದ ಮೇಲೆ ನಮ್ಮ ಗೇಟಿನ ಪಕ್ಕ ಒಂದು ಹಳದಿ ಬೋರ್ಡ್ ನಿಲ್ಲಿಸಿದ್ದೇನೆ. ಗಡಿಯಾರದ ಚಿತ್ರ ನಾನೇ ಬರೆದದ್ದು, ಮುಳ್ಳು ಸ್ವಲ್ಪ ಸೊಟ್ಟ. ನೋಡಿದವರು ಟೀ ಅಂಗಡಿ ಎಂದುಕೊಂಡು ನಿಲ್ಲಿಸುತ್ತಾರೆ. ನಿಲ್ಲಿಸಲಿ ಎಂದೇ ಹಾಕಿದ್ದು. ಅಮ್ಮನಿಗೆ ಈಗೀಗ ಅಭ್ಯಾಸವಾಗಿದೆ, ಭಾನುವಾರ ಡಿಕಾಕ್ಷನ್ ಜಾಸ್ತಿಯೇ ಇಳಿಸಿಡುತ್ತಾಳೆ.

ಯೆಜ್ಡಿ ಶೆಡ್ಡಿನಲ್ಲಿದೆ. ವಾರಕ್ಕೊಮ್ಮೆ ತೆಗೆಯುತ್ತೇನೆ. ಅಪ್ಪನಿಗೆ ಎರಡನೇ ಕಿಕ್ಕಿಗೆ ಶುರುವಾಗುತ್ತಿತ್ತು. ನನಗೆ ಐದು, ಆರು ಬೇಕು. ಪ್ಲಗ್ ಬದಲಾಯಿಸಿದೆ, ಕಾರ್ಬೊರೇಟರ್ ಬಿಚ್ಚಿ ತೊಳೆದೆ, ಪಾಯಿಂಟ್ ಗ್ಯಾಪೂ ನೋಡಿದೆ. ಆಯಿಲ್ ಅಳತೆ ಅವನು ಹೇಳಿದ್ದೇ. ಎಲ್ಲಿ ತಪ್ಪುತ್ತಿದ್ದೇನೆ ಗೊತ್ತಾಗುತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹಳೆಯ ಟೂ ಸ್ಟ್ರೋಕ್ ಕೈ ಹಿಡಿದಿದ್ದರೆ ಒಂದು ಭಾನುವಾರ ಬಂದು ನೋಡಿ. ಎಂಟರ ಮೇಲೆ ಬಂದರೆ ಸಾಕು.

ಇಂತಿ,
ರೈಟರ ಮಗಳು
ಕೈಮರದ ಮೇಲಿನ ತಿರುವು, ಚಿಕ್ಕಮಗಳೂರು